ಫ್ರಾಂಚೈಸಿ ಮಳಿಗೆ ಆರಂಭಿಸುವವರು ಪಾಲಿಸಬೇಕಾದ ಕಾನೂನುಗಳು ಮತ್ತು ಸಾಮಾನ್ಯ ಉಲ್ಲಂಘನೆಗಳು

ಫ್ರಾಂಚೈಸಿ ಎಂದರೇನು?

ಒಂದು ಸಂಸ್ಥೆಯು ತನ್ನ ಹೆಸರು, ವ್ಯಾಪಾರ ಚಿಹ್ನೆ ಹಾಗೂ ವ್ಯವಹಾರ ಪದ್ಧತಿಯನ್ನು ಬಳಸಲು ಬೇರೊಬ್ಬರಿಗೆ ಶುಲ್ಕದ ಮೇರೆಗೆ ಅನುಮತಿ ನೀಡುವ ವ್ಯವಸ್ಥೆಗೆ ಫ್ರಾಂಚೈಸಿ ಎಂದು ಹೆಸರು. ಅನುಮತಿ ನೀಡುವ ಸಂಸ್ಥೆಯನ್ನು ಮೂಲ ಸಂಸ್ಥೆ ಎಂದೂ, ಅನುಮತಿ ಪಡೆದು ಮಳಿಗೆ ನಡೆಸುವವರನ್ನು ಫ್ರಾಂಚೈಸಿದಾರರು ಎಂದೂ ಇಲ್ಲಿ ಕರೆಯಲಾಗಿದೆ. ಉಪಾಹಾರ ಗೃಹ, ಐಸ್‌ಕ್ರೀಂ ಮಳಿಗೆ, ಸಿದ್ಧ ಉಡುಪು ಅಂಗಡಿ ಮುಂತಾದ ವ್ಯವಹಾರಗಳಲ್ಲಿ ಈ ಪದ್ಧತಿ ರೂಢಿಯಲ್ಲಿದೆ.

ಮೂಲ ಸಂಸ್ಥೆಯ ಬಳಿ ಎಲ್ಲಾ ಪರವಾನಗಿಗಳಿದ್ದ ಮಾತ್ರಕ್ಕೆ ಮಳಿಗೆಗೂ ಅವು ದೊರೆತಂತೆ ಆಗುವುದಿಲ್ಲ. ಕಾನೂನಿನ ದೃಷ್ಟಿಯಲ್ಲಿ ಮಳಿಗೆಯನ್ನು ತಮ್ಮ ಹೆಸರಿನಲ್ಲಿ ನಡೆಸುವವರೇ ಅದರ ಹೊಣೆಗಾರರು. ಈ ಅಂಶವನ್ನು ತಿಳಿಯದೆ ಅನೇಕರು ತಮ್ಮ ಉಳಿತಾಯ ಹಾಗೂ ಸಾಲದ ಹಣವನ್ನು ಅಪಾಯಕ್ಕೆ ಒಡ್ಡುತ್ತಾರೆ.

ಅನ್ವಯವಾಗುವ ಕಾನೂನುಗಳು

ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಅಧಿನಿಯಮವಿಲ್ಲ. ಅಮೆರಿಕದಲ್ಲಿ ಮೂಲ ಸಂಸ್ಥೆಯು ಸಹಿಗೆ ಕನಿಷ್ಠ 14 ದಿನ ಮುಂಚಿತವಾಗಿ ತನ್ನ ವ್ಯವಹಾರದ ವಿವರಗಳುಳ್ಳ ದಾಖಲೆಯನ್ನು ನೀಡಬೇಕೆಂಬ ನಿಯಮವಿದೆ. ಅಂತಹ ನಿಯಮ ಇಲ್ಲಿ ಇರುವುದಿಲ್ಲ. ಆದುದರಿಂದ ಮಾಹಿತಿಯನ್ನು ಕೇಳಿ, ಲಿಖಿತವಾಗಿ ಪಡೆಯುವುದು ಅರ್ಜಿದಾರರ ಜವಾಬ್ದಾರಿಯಾಗುತ್ತದೆ. ಭಾರತೀಯ ಕರಾರು ಅಧಿನಿಯಮ 1872, ವ್ಯಾಪಾರ ಚಿಹ್ನೆಗಳ ಅಧಿನಿಯಮ 1999, ಸರಕು ಮತ್ತು ಸೇವಾ ತೆರಿಗೆ ಕಾನೂನು ಹಾಗೂ ಆಯಾ ವ್ಯವಹಾರದ ಪರವಾನಗಿ ಕಾನೂನುಗಳು ಈ ವ್ಯವಸ್ಥೆಗೆ ಅನ್ವಯಿಸುತ್ತವೆ.

ಕರಾರಿಗೆ ಸಹಿ ಹಾಕುವ ಮುನ್ನ

1. ವ್ಯಾಪಾರ ಚಿಹ್ನೆಯು ಮೂಲ ಸಂಸ್ಥೆಯ ಹೆಸರಿನಲ್ಲಿಯೇ ನೋಂದಣಿಯಾಗಿದೆಯೇ ಎಂಬುದನ್ನು ವ್ಯಾಪಾರ ಚಿಹ್ನೆಗಳ ನೋಂದಣಿ ಕಚೇರಿಯ ಜಾಲತಾಣದಲ್ಲಿ ಪರಿಶೀಲಿಸತಕ್ಕದ್ದು. ನೋಂದಣಿಯ ಅವಧಿ 10 ವರ್ಷಗಳಾಗಿದ್ದು, ನಂತರ ನವೀಕರಣ ಅವಶ್ಯ.

2. ಲಾಭದ ಭರವಸೆ, ಠೇವಣಿ ಹಿಂತಿರುಗಿಸುವ ಷರತ್ತು ಮತ್ತು ಮಳಿಗೆಯ ವ್ಯಾಪ್ತಿ ಪ್ರದೇಶವನ್ನು ಕರಾರಿನಲ್ಲಿಯೇ ಬರೆಸಿಕೊಳ್ಳತಕ್ಕದ್ದು. ಸುಳ್ಳು ಹೇಳಿ ವಂಚಿಸಿ ಒಪ್ಪಿಗೆ ಪಡೆದಿದ್ದಲ್ಲಿ, ಕರಾರು ಅಧಿನಿಯಮದ 19ನೇ ಪ್ರಕರಣದಂತೆ ವಂಚನೆಗೊಳಗಾದವರು ಕರಾರನ್ನು ರದ್ದುಪಡಿಸಿಕೊಳ್ಳಬಹುದು. ಆದರೆ ಬಾಯಿಮಾತಿನ ಭರವಸೆಯನ್ನು ರುಜುವಾತು ಮಾಡುವುದು ಕಷ್ಟಸಾಧ್ಯ.

3. ಕರಾರಿಗೆ ಸೂಕ್ತ ಮುದ್ರಾಂಕ ಶುಲ್ಕ ಪಾವತಿಸತಕ್ಕದ್ದು. ಉದಾಹರಣೆಗೆ, ಕಡಿಮೆ ಮೌಲ್ಯದ ಛಾಪಾ ಕಾಗದದ ಮೇಲೆ ಬರೆದ ಕರಾರನ್ನು ನಂಬಿ ಮೂರು ವರ್ಷ ಮಳಿಗೆ ನಡೆಸಿದವರು, ಠೇವಣಿ ವಾಪಸು ಕೋರಿ ನ್ಯಾಯಾಲಯಕ್ಕೆ ಹೋದರೆನ್ನಿ. ಕರ್ನಾಟಕ ಸ್ಟಾಂಪು ಅಧಿನಿಯಮ 1957ರ 34ನೇ ಪ್ರಕರಣದಂತೆ, ಕೊರತೆಯಾದ ಶುಲ್ಕ ಮತ್ತು ಅದರ ಹತ್ತು ಪಟ್ಟು ದಂಡವನ್ನು ಪಾವತಿಸುವವರೆಗೆ ಆ ಕರಾರನ್ನು ಸಾಕ್ಷ್ಯವಾಗಿ ಸ್ವೀಕರಿಸಲು ಬರುವುದಿಲ್ಲ.

ಮಳಿಗೆಗೆ ಬೇಕಾಗುವ ನೋಂದಣಿ ಮತ್ತು ಪರವಾನಗಿಗಳು

ಕರ್ನಾಟಕದಲ್ಲಿ ಫ್ರಾಂಚೈಸಿದಾರರೇ ನಡೆಸುವ ಮಳಿಗೆಗಳಿಗೆ ಈ ಕೆಳಕಂಡವು ಅನ್ವಯಿಸುತ್ತವೆ:

ಅ) ಸ್ಥಳೀಯ ಸಂಸ್ಥೆಯಿಂದ ಉದ್ದಿಮೆ ಪರವಾನಗಿ.

ಆ) ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ 1961ರಡಿ ಕಾರ್ಮಿಕ ಇಲಾಖೆಯಲ್ಲಿ ನೋಂದಣಿ. ವ್ಯವಹಾರ ಆರಂಭಿಸಿದ 30 ದಿನಗಳೊಳಗೆ ಅರ್ಜಿ ಸಲ್ಲಿಸತಕ್ಕದ್ದು.

ಇ) ಆಹಾರ ವ್ಯವಹಾರವಾದಲ್ಲಿ, ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮ 2006ರಡಿ ವಹಿವಾಟಿನ ಪ್ರಮಾಣಕ್ಕೆ ಅನುಗುಣವಾಗಿ ನೋಂದಣಿ ಅಥವಾ ಪರವಾನಗಿ. ಇದನ್ನು ಪ್ರತಿ ಸ್ಥಳಕ್ಕೂ ಪ್ರತ್ಯೇಕವಾಗಿ ಪಡೆಯತಕ್ಕದ್ದು.

ಈ) ವಾರ್ಷಿಕ ವಹಿವಾಟು ಸರಕುಗಳ ಮಾರಾಟದಲ್ಲಿ 40 ಲಕ್ಷ ರೂ., ಸೇವೆಗಳಲ್ಲಿ 20 ಲಕ್ಷ ರೂ. ಮೀರಿದಲ್ಲಿ ಜಿಎಸ್‌ಟಿ ನೋಂದಣಿ. ಉಪಾಹಾರ ಗೃಹಗಳನ್ನು ಸೇವೆ ಎಂದೇ ಪರಿಗಣಿಸಲಾಗುತ್ತದೆ.

ಉ) ತಕ್ಕಡಿ ಬಳಸುವ ಮಳಿಗೆಗಳಲ್ಲಿ, ಕಾನೂನು ಮಾಪನಶಾಸ್ತ್ರ ಇಲಾಖೆಯಿಂದ ಅದರ ಸತ್ಯಾಪನೆ ಮತ್ತು ಮುದ್ರೆ.

ಸಾಮಾನ್ಯವಾಗಿ ಕಂಡುಬರುವ ಉಲ್ಲಂಘನೆಗಳು

ಮೂಲ ಸಂಸ್ಥೆಯ ಜಿಎಸ್‌ಟಿ ಸಂಖ್ಯೆಯಲ್ಲಿ ಬಿಲ್ಲು ನೀಡುವುದು: ಬೇರೆಯವರ ನೋಂದಣಿ ಸಂಖ್ಯೆ ಬಳಸಿ ಬಿಲ್ಲು ನೀಡುವುದು ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮ 2017ರ 122ನೇ ಪ್ರಕರಣದಂತೆ ದಂಡಾರ್ಹ. ನೋಂದಣಿ ಸಂಖ್ಯೆಯನ್ನು ಪ್ರವೇಶದ್ವಾರದ ನಾಮಫಲಕದಲ್ಲಿ ಪ್ರದರ್ಶಿಸುವುದೂ ಕಡ್ಡಾಯ.

ನಾಮಫಲಕದಲ್ಲಿ ಕನ್ನಡವಿಲ್ಲದಿರುವುದು: ಮೂಲ ಸಂಸ್ಥೆಯ ಸಿದ್ಧ ವಿನ್ಯಾಸದಲ್ಲಿ ಕನ್ನಡ ಇಲ್ಲವೆಂಬುದು ಒಪ್ಪತಕ್ಕ ಸಮಜಾಯಿಷಿಯಲ್ಲ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮಕ್ಕೆ 2024ರಲ್ಲಿ ಮಾಡಲಾದ ತಿದ್ದುಪಡಿಯಂತೆ, ಫಲಕದ ಶೇ. 60ರಷ್ಟು ಭಾಗ ಕನ್ನಡದಲ್ಲಿದ್ದು, ಮೇಲ್ಭಾಗದಲ್ಲಿ ಪ್ರದರ್ಶಿತವಾಗಿರತಕ್ಕದ್ದು.

ಗರಿಷ್ಠ ಮಾರಾಟ ಬೆಲೆ ಮೀರುವುದು: ಪೊಟ್ಟಣದ ಮೇಲೆ ಮುದ್ರಿತವಾದ ಬೆಲೆಗಿಂತ ಹೆಚ್ಚು ಪಡೆಯುವಂತಿಲ್ಲ. ಮೂಲ ಸಂಸ್ಥೆಯ ಸೂಚನೆ ಇತ್ತೆಂಬ ಕಾರಣಕ್ಕೆ ಮಾರಾಟ ಮಾಡಿದವರು ಹೊಣೆಯಿಂದ ಮುಕ್ತರಾಗುವುದಿಲ್ಲ.

ಸಿಬ್ಬಂದಿಯ ವಿಚಾರ: ನೌಕರರು ಸಂಸ್ಥೆಯ ಸಮವಸ್ತ್ರ ಧರಿಸಿದ್ದರೂ ಅವರನ್ನು ನೇಮಿಸಿ ವೇತನ ನೀಡುವ ಫ್ರಾಂಚೈಸಿದಾರರೇ ಅವರ ಮಾಲೀಕರು. ಕನಿಷ್ಠ ವೇತನ ಹಾಗೂ ಅನ್ವಯವಾಗುವೆಡೆ ಭವಿಷ್ಯ ನಿಧಿ ಮತ್ತು ನೌಕರರ ರಾಜ್ಯ ವಿಮೆಯ ವಂತಿಗೆ ಅವರದೇ ಹೊಣೆ.

ಅವಧಿ ಮುಗಿದ ನಂತರವೂ ಹೆಸರು ಬಳಸುವುದು: ಕರಾರು ಕೊನೆಗೊಂಡ ಮೇಲೆ ಹಳೆಯ ಫಲಕವನ್ನು ಉಳಿಸಿಕೊಳ್ಳುವುದು ವ್ಯಾಪಾರ ಚಿಹ್ನೆಯ ಉಲ್ಲಂಘನೆಯಾಗುತ್ತದೆ.

ಪೈಪೋಟಿ ನಿರ್ಬಂಧಿಸುವ ಷರತ್ತು

ಕರಾರು ಜಾರಿಯಲ್ಲಿರುವಾಗ ಪ್ರತಿಸ್ಪರ್ಧಿ ಸಂಸ್ಥೆಯ ಸರಕು ಮಾರಬಾರದೆಂಬ ಷರತ್ತು ಸಿಂಧುವೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ಗುಜರಾತ್ ಬಾಟ್ಲಿಂಗ್ ಕಂಪನಿ ಮತ್ತು ಕೋಕಾ ಕೋಲಾ ಕಂಪನಿ ನಡುವಿನ ಪ್ರಕರಣದಲ್ಲಿ ಎತ್ತಿಹಿಡಿದಿದೆ. ಆದರೆ ಕರಾರು ಮುಗಿದ ನಂತರವೂ ಅದೇ ಬಗೆಯ ವ್ಯಾಪಾರ ಮಾಡಬಾರದೆಂಬ ಷರತ್ತು ಕರಾರು ಅಧಿನಿಯಮದ 27ನೇ ಪ್ರಕರಣದಂತೆ ಸಾಮಾನ್ಯವಾಗಿ ಊರ್ಜಿತವಾಗುವುದಿಲ್ಲ.

ವಿವಾದ ಅಥವಾ ವಂಚನೆ ಉಂಟಾದಲ್ಲಿ

ಫ್ರಾಂಚೈಸಿ ವಿವಾದಗಳು ವಾಣಿಜ್ಯ ನ್ಯಾಯಾಲಯಗಳ ಅಧಿನಿಯಮ 2015ರ ವ್ಯಾಪ್ತಿಗೆ ಬರುತ್ತವೆ. ವಿವಾದದ ಮೌಲ್ಯ 3 ಲಕ್ಷ ರೂ. ಅಥವಾ ಅದಕ್ಕಿಂತ ಹೆಚ್ಚಿದ್ದು, ತುರ್ತು ಪರಿಹಾರದ ಅಗತ್ಯ ಇಲ್ಲದಿದ್ದಲ್ಲಿ, ದಾವೆ ಹೂಡುವ ಮುನ್ನ ಮಧ್ಯಸ್ಥಿಕೆಗೆ ಪ್ರಯತ್ನಿಸುವುದು ಕಡ್ಡಾಯ. ಕರಾರಿನಲ್ಲಿ ಪಂಚಾಯ್ತಿ ತೀರ್ಪಿನ ಷರತ್ತು ಇದ್ದಲ್ಲಿ ಅದರಂತೆ ಕ್ರಮ ವಹಿಸಬೇಕಾಗುತ್ತದೆ.

ಹೆಸರಾಂತ ಸಂಸ್ಥೆಗಳ ಹೆಸರಿನಲ್ಲಿ ನಕಲಿ ಜಾಲತಾಣ ತೆರೆದು ನೋಂದಣಿ ಶುಲ್ಕ ವಸೂಲು ಮಾಡುವ ವಂಚಕರಿದ್ದಾರೆ. ವ್ಯಕ್ತಿಯೊಬ್ಬರ ಖಾಸಗಿ ಖಾತೆಗೆ ಹಣ ಕೇಳಿದಲ್ಲಿ ಪಾವತಿಸದೆ, ಸಂಸ್ಥೆಯ ನೋಂದಾಯಿತ ಕಚೇರಿಯನ್ನು ನೇರವಾಗಿ ಸಂಪರ್ಕಿಸತಕ್ಕದ್ದು. ಈಗಾಗಲೇ ಹಣ ಕಳೆದುಕೊಂಡಿದ್ದಲ್ಲಿ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರು ದಾಖಲಿಸುವುದು.