ಸೆರೆಮನೆಗೆ ಮುನ್ಸೂಚನೆಯಿಲ್ಲದ ಭೇಟಿ

ಸೆರೆಮನೆಯ ಗೋಡೆಗಳೊಳಗೂ ಸಂವಿಧಾನದ 21ನೆಯ ಅನುಚ್ಛೇದವು ಬಂದಿಯನ್ನು ರಕ್ಷಿಸುತ್ತದೆ. ಆ ರಕ್ಷಣೆ ಅವನಿಗೆ ನಿಜವಾಗಿ ದೊರೆಯುತ್ತಿದೆಯೇ ಎಂಬುದು, ಸೆರೆಮನೆಯ ಆಡಳಿತಕ್ಕೆ ಅಧೀನರಲ್ಲದವರು ಒಳಹೊಕ್ಕು ನೋಡಿದಾಗಲೇ ತಿಳಿಯುತ್ತದೆ.

ದೆಹಲಿಯ ತಿಹಾರ್ ಜೈಲಿನಲ್ಲಿದ್ದ ಸುನಿಲ್ ಬಾತ್ರಾ ಎಂಬುವರು ಸಹಬಂದಿಯೊಬ್ಬನಿಗೆ ಕೊಟ್ಟ ಚಿತ್ರಹಿಂಸೆಯ ಬಗೆಗೆ ಸರ್ವೋಚ್ಚ ನ್ಯಾಯಾಲಯಕ್ಕೆ ಒಂದು ಪತ್ರ ಬರೆದರು. ನ್ಯಾಯಾಲಯವು ಪತ್ರವನ್ನೇ ಅರ್ಜಿಯೆಂದು ಪರಿಗಣಿಸಿ, ವಕೀಲರನ್ನು ನೇಮಿಸಿ, ಜೈಲಿಗೆ ಹೋಗಿ ಬಂದಿಯನ್ನು ಕಾಣಲು, ದಾಖಲೆಗಳನ್ನು ನೋಡಲು ಅವರಿಗೆ ಅಧಿಕಾರವಿತ್ತಿತು. ನ್ಯಾಯಾಲಯಗಳು ಮತ್ತು ಜಿಲ್ಲಾ ದಂಡಾಧಿಕಾರಿಗಳು ಹೆಸರಿಸಿದ ವಕೀಲರಿಗೆ ಬಂದಿಗಳೊಡನೆ ಗೋಪ್ಯವಾಗಿ ಮಾತನಾಡುವ ಸೌಲಭ್ಯ ಇರಬೇಕೆಂದು 1979ರ ಡಿಸೆಂಬರ್‌ನಲ್ಲಿ ಬಂದ ತೀರ್ಪು ಹೇಳಿತು.

1993ರಲ್ಲಿ ಮಾನವ ಹಕ್ಕುಗಳ ಸಂರಕ್ಷಣಾ ಅಧಿನಿಯಮವು ರಾಷ್ಟ್ರೀಯ ಆಯೋಗಕ್ಕೆ ಜೈಲುಗಳನ್ನು ಸಂದರ್ಶಿಸುವ ಅಧಿಕಾರ ನೀಡಿತು. ಆದರೆ ರಾಜ್ಯ ಸರ್ಕಾರಕ್ಕೆ ತಿಳಿಸಿಯೇ ಹೋಗಬೇಕೆಂಬ ಮಾತು 12ನೆಯ ಪ್ರಕರಣದಲ್ಲಿ ಸೇರಿತ್ತು. ಹೇಳಿ ಹೋದವರಿಗೆ ಕಾಣುವುದು ಹೊಸದಾಗಿ ಸುಣ್ಣ ಬಳಿದ ಗೋಡೆ, ಅಂದಿನ ಮಟ್ಟಿಗೆ ರುಚಿಯಾದ ಸಾರು! 2006ರ ತಿದ್ದುಪಡಿ ಆ ಮಾತನ್ನು ತೆಗೆದುಹಾಕಿತು. ಗಾತ್ರದಲ್ಲಿ ಸಣ್ಣದಾದರೂ ಇಡೀ ತಿದ್ದುಪಡಿಯಲ್ಲಿ ಬಂದಿಗಳ ಪಾಲಿಗೆ ಇದೇ ಮುಖ್ಯ. ಇಂದು ಮುಂಬಯಿಯ ಆರ್ಥರ್ ರಸ್ತೆಯ ಜೈಲಾಗಲಿ, ಪುಣೆಯ ಯರವಡಾ ಆಗಲಿ, ಮುನ್ಸೂಚನೆಯಿಲ್ಲದೆ ಆಯೋಗ ಪ್ರವೇಶಿಸಬಹುದು. ಚಿಕಿತ್ಸೆ, ಸುಧಾರಣೆ ಅಥವಾ ರಕ್ಷಣೆಗಾಗಿ ಜನರನ್ನು ಇರಿಸಿರುವ ಸರ್ಕಾರಿ ಸಂಸ್ಥೆಗಳಿಗೂ ಇದು ಅನ್ವಯಿಸುತ್ತದೆ. ರಾಜ್ಯ ಆಯೋಗಗಳಿಗೂ ಇದೇ ಅಧಿಕಾರವಿದೆ.

ಮಿತಿಗಳೂ ಇಲ್ಲದಿಲ್ಲ. ಭೇಟಿಯ ನಂತರ ಆಯೋಗವು ಶಿಫಾರಸು ಮಾಡಬಹುದೇ ಹೊರತು ಆಜ್ಞಾಪಿಸಲಾಗದು. ಸಶಸ್ತ್ರ ಪಡೆಗಳ ವಿಷಯದಲ್ಲಂತೂ ಕೇಂದ್ರ ಸರ್ಕಾರದಿಂದ ವರದಿ ತರಿಸಿಕೊಂಡು ಶಿಫಾರಸು ಮಾಡುವುದಷ್ಟೇ ಸಾಧ್ಯ. ಬಂಧನಸ್ಥಾನಗಳಿಗೆ ಅಂತರರಾಷ್ಟ್ರೀಯ ತಪಾಸಕರನ್ನು ಬಿಡುವ 2002ರ ವಿಶ್ವಸಂಸ್ಥೆಯ ಐಚ್ಛಿಕ ಒಡಂಬಡಿಕೆಗೆ ಭಾರತ ಸೇರಿಲ್ಲ; ಚಿತ್ರಹಿಂಸೆ ವಿರುದ್ಧದ ಮೂಲ ಒಡಂಬಡಿಕೆಗೆ 1997ರಲ್ಲಿ ಸಹಿ ಹಾಕಿದ್ದರೂ ಅದನ್ನು ಅನುಮೋದಿಸಿಲ್ಲ.

ಆಯೋಗವು ದೇಶದ ಎಲ್ಲ ಜೈಲುಗಳಿಗೂ ಮತ್ತೆ ಮತ್ತೆ ಹೋಗುವುದು ಆಗದ ಕೆಲಸ. ಆದ್ದರಿಂದಲೇ ಸ್ಥಳೀಯ ಸಂದರ್ಶಕರು ಬೇಕು. ಅವರ ನೇಮಕಕ್ಕೆ ನಿಯಮ ಮಾಡಲು 1894ರ ಕಾರಾಗೃಹ ಅಧಿನಿಯಮವೇ ಅವಕಾಶ ಕೊಟ್ಟಿತ್ತು. ಜೈಲು ಮತ್ತು ಪೊಲೀಸ್ ಠಾಣೆಗಳಿಗೆ ಅಧಿಕಾರಿಗಳಲ್ಲದ ಸಂದರ್ಶಕರನ್ನು ನೇಮಿಸುವುದನ್ನು ರಾಜ್ಯಗಳು ಪರಿಶೀಲಿಸಬೇಕೆಂದು 2015ರಲ್ಲಿ ಸರ್ವೋಚ್ಚ ನ್ಯಾಯಾಲಯ ಸೂಚಿಸಿತು.

ಬಂದಿಯಾಗಲಿ, ಅವನ ಪರವಾಗಿ ಬೇರೊಬ್ಬರಾಗಲಿ ರಾಷ್ಟ್ರೀಯ ಆಯೋಗಕ್ಕೆ ದೂರು ಸಲ್ಲಿಸಬಹುದು. ಶುಲ್ಕವಿಲ್ಲ. ಘಟನೆ ನಡೆದ ಒಂದು ವರ್ಷದೊಳಗೆ ದೂರು ತಲುಪಬೇಕು. ಸಂವಿಧಾನದ ಎಂಟನೆಯ ಅನುಸೂಚಿಯ ಯಾವ ಭಾಷೆಯಲ್ಲಾದರೂ ಬರೆಯಬಹುದಾದ್ದರಿಂದ ಚೆನ್ನೈ, ಹೈದರಾಬಾದುಗಳಲ್ಲಿರುವ ಕನ್ನಡಿಗರು ಅದನ್ನು ಕನ್ನಡದಲ್ಲಿಯೇ ಕಳುಹಿಸಬಹುದು.