ಖಾಲಿ ತೋಟೆಗೆ ಮತ್ತೆ ಮದ್ದು: ಅಮೆರಿಕದ ಹವ್ಯಾಸ, ನಮ್ಮ ಮನೆಯ ಕೋವಿ

ಯೂಟ್ಯೂಬ್‌ನಲ್ಲಿ ಕೋವಿಯ ವಿಡಿಯೋ ಒಂದು ನೋಡಿದರೆ ಸಾಕು, ಮಾರನೇ ದಿನದಿಂದ ಅಂಥವೇ ಸಾಲುಸಾಲಾಗಿ ಬರೋಕೆ ಶುರುವಾಗುತ್ತೆ. ಅದರಲ್ಲಿ ಒಂದು ಬಗೆಯದನ್ನ ನೀವೂ ನೋಡಿರ್ತೀರಿ. ಅಮೆರಿಕದವನೊಬ್ಬ ತನ್ನ ಕಾರ್ ಶೆಡ್ಡಿನಲ್ಲಿ ಕೂತು, ಹಾರಿಸಿ ಮುಗಿದ ಖಾಲಿ ತೋಟೆಗಳನ್ನ ಒಂದೊಂದಾಗಿ ಪ್ರೆಸ್ಸಿಗೆ ಇಟ್ಟು, ಹಿಡಿ ಎಳೆದು, ಮದ್ದು ಸುರಿದು, ಗುಂಡು ಕೂರಿಸಿ ಹೊಸ ತೋಟೆ ಮಾಡ್ತಾನೆ. ಇದಕ್ಕೆ ರೀಲೋಡಿಂಗ್ ಅಂತಾರೆ. ನೋಡೋಕೆ ಹಿಟ್ಟಿನ ಒರಳಲ್ಲಿ ಚಕ್ಕುಲಿ ಒತ್ತಿದಷ್ಟೇ ಸುಲಭ ಅನ್ನಿಸುತ್ತೆ. ಹಂದಿ ಕಾಟ ಇರೋ ಊರಿನ ಹುಡುಗರಿಗೆ ಮುಂದಿನ ಪ್ರಶ್ನೆ ತಾನಾಗೇ ಹುಟ್ಟುತ್ತೆ: ನಮ್ಮ ಮನೆ ಕೋವಿಯ ಖಾಲಿ ತೋಟೇನೂ ಹಿಂಗೇ ತುಂಬಬಹುದಲ್ವಾ?

ಬೇಡ. ಕಾನೂನು ಬಿಡೋಲ್ಲ ಅನ್ನೋದು ಒಂದು ಕಾರಣ. ಆದರೆ ಕಾನೂನು ಹೆದರಿಸಿದರೆ ಮಾತ್ರ ಸಾಲದು, ಆ ವಿಡಿಯೋದಲ್ಲಿ ನಿಜವಾಗಿ ಏನು ನಡೀತಿದೆ ಅಂತ ತಿಳಿದರೆ ಕೈ ತಾನಾಗೇ ಹಿಂದೆ ಸರಿಯುತ್ತೆ.

ಈ ಹವ್ಯಾಸಕ್ಕೂ ಬೆಳೆ ಕಾಟಕ್ಕೂ ನಂಟಿದೆ. ಅಮೆರಿಕದ ಪಶ್ಚಿಮ ಭಾಗದಲ್ಲಿ ರಾಕ್ ಚಕ್ ಅನ್ನೋ ಪ್ರಾಣಿ ಇದೆ. ನಮ್ಮ ಹೆಗ್ಗಣಕ್ಕಿಂತ ದೊಡ್ಡದು, ಬಿಲ ತೋಡುತ್ತೆ, ಮೇವಿನ ಹೊಲ ತಿಂದು ಹಾಕುತ್ತೆ. ಅದನ್ನ ದೂರದಿಂದ ಹೊಡೆಯೋಕೆ ಸಣ್ಣ, ಕರಾರುವಾಕ್ಕಾದ ಗುಂಡು ಬೇಕು. ಎರಡನೇ ಮಹಾಯುದ್ಧದ ಹೊತ್ತಿಗೆ ಅಂಥ ಗುಂಡೇ ಸಿಗದಾಯ್ತು. 1943ರಲ್ಲಿ ಕ್ಯಾಲಿಫೋರ್ನಿಯಾದ ಓರೊವಿಲ್ ಊರಿನ ಫ್ರೆಡ್ ಹಂಟಿಂಗ್ಟನ್, ಬಿಸಾಕಿದ ಸಣ್ಣ ಖಾಲಿ ತೋಟೆಗಳನ್ನೇ ಕವಚ ಮಾಡಿಕೊಂಡು ಗುಂಡು ಒತ್ತೋ ಅಚ್ಚು ತಯಾರಿಸಿದರು. ಅದಕ್ಕೆ 'ರಾಕ್ ಚಕ್ ಬುಲೆಟ್ ಸ್ವೇಜ್' ಅಂತ ಹೆಸರು. ವಿಡಿಯೋಗಳಲ್ಲಿ ಕಾಣೋ ಹಸಿರು ಬಣ್ಣದ ಆರ್‌ಸಿಬಿಎಸ್ ಪ್ರೆಸ್ಸಿನ ಹೆಸರು ಇದೇ ನಾಲ್ಕು ಪದಗಳ ಮೊದಲಕ್ಷರ. ಅಲ್ಲಿ ಸ್ವಂತ ಬಳಕೆಗೆ ತೋಟೆ ತುಂಬಿಕೊಳ್ಳೋಕೆ ಕೇಂದ್ರ ಸರ್ಕಾರದ ಲೈಸೆನ್ಸ್ ಬೇಕಿಲ್ಲ, ಮಾರೋಕೆ ತಯಾರಿಸಿದರೆ ಮಾತ್ರ ಬೇಕು. ಹಾಗಾಗಿಯೇ ಅದು ಅಲ್ಲಿ ಮನೆಮನೆಯ ಹವ್ಯಾಸ ಆಯ್ತು. ದುಡ್ಡು ಉಳಿಸೋಕೆ ಅಂತ ಶುರು ಮಾಡ್ತಾರೆ, ಉಳಿದ ದುಡ್ಡಿಗೆ ಇನ್ನೂ ಜಾಸ್ತಿ ಹಾರಿಸ್ತಾರೆ ಅನ್ನೋದು ಅವರದ್ದೇ ತಮಾಷೆ.

ಒಂದು ರೈಫಲ್ ತೋಟೆಯಲ್ಲಿ ನಾಲ್ಕು ಭಾಗ: ಹಿತ್ತಾಳೆಯ ಕೇಸು, ಬುಡದಲ್ಲಿ ಕೂರುವ ಪ್ರೈಮರ್ ಅಂದ್ರೆ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು. ಕುದುರೆ ಎಳೆದಾಗ ಕೇಪು ಸಿಡಿದು ಮದ್ದಿಗೆ ಬೆಂಕಿ ಹತ್ತುತ್ತೆ. ಆ ಒತ್ತಡಕ್ಕೆ ಹಿತ್ತಾಳೆ ಉಬ್ಬಿ ಕೋವಿಯ ಗೋಡೆಗೆ ಅಂಟಿ ಗ್ಯಾಸು ಹಿಂದಕ್ಕೆ ಬರದಂತೆ ತಡೆಯುತ್ತೆ, ಆಮೇಲೆ ತುಸು ಕುಗ್ಗುತ್ತೆ. ಗುಂಡು ಹೋಯ್ತು, ಮದ್ದು ಉರೀತು, ಕೇಪು ಸತ್ತುಹೋಯ್ತು, ಕೇಸು ಮಾತ್ರ ಉಳೀತು. ಅದನ್ನ ತೊಳೆದು, ಡೈ ಒಳಗೆ ಒತ್ತಿ ಮೊದಲಿನ ಅಳತೆಗೆ ತಂದು, ಹೊಸ ಕೇಪು, ಮದ್ದು, ಗುಂಡು ಹಾಕೋದೇ ರೀಲೋಡಿಂಗ್. ಹಿತ್ತಾಳೆಯೂ ಎಷ್ಟು ಸಲ ಅಂತ ತಡೆದೀತು? ತಂತಿ ಮಡಚಿ ಬಿಡಿಸಿ ಮಾಡಿದರೆ ಒಂದು ಹೊತ್ತಿಗೆ ಮುರಿಯುತ್ತಲ್ಲ, ಹಂಗೇ ಕೇಸಿನ ಕತ್ತು ಸೀಳುತ್ತೆ. ಅದಕ್ಕೇ ಪ್ರತಿ ಸಲವೂ ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡ್ತಾರೆ.

ಕಷ್ಟ ಇರೋದು ಮದ್ದಿನ ಅಳತೆಯಲ್ಲಿ. ಅವರು ಅಳೆಯೋದು 'ಗ್ರೇನ್' ಲೆಕ್ಕದಲ್ಲಿ. ಒಂದು ಗ್ರೇನ್ ಅಂದ್ರೆ ಸುಮಾರು 65 ಮಿಲಿಗ್ರಾಂ. ಅಕ್ಕಸಾಲಿಗರು ಚಿನ್ನ ತೂಗ್ತಿದ್ದ ಗುಲಗಂಜಿಯ ಅರ್ಧದಷ್ಟು ಅಂದುಕೊಳ್ಳಿ. ಇವರ ತಕ್ಕಡಿ ಆ ಅರ್ಧ ಗುಲಗಂಜಿಯನ್ನೂ ಹತ್ತು ಪಾಲು ಮಾಡಿ ತೋರಿಸಬೇಕು. ಯಾಕೆ ಇಷ್ಟು ಜಿಪುಣತನ? ಒತ್ತಡದ ಲೆಕ್ಕ ನೋಡಿ. ಅಡಿಕೆಗೆ ಬೋರ್ಡೋ ಹೊಡೆಯೋ ಪವರ್ ಸ್ಪ್ರೇಯರಿನ ಪೈಪು ಮುನ್ನೂರು, ನಾನೂರು ಪಿಎಸ್‌ಐಗೆ ಕೈಯಲ್ಲಿ ಒದ್ದಾಡುತ್ತೆ. ಮಾಮೂಲಿ 12 ಬೋರ್ ತೋಟೆಗೆ ಅಮೆರಿಕದ ಮಾನದಂಡ ಇಟ್ಟಿರೋ ಮಿತಿ 11,500 ಪಿಎಸ್‌ಐ. ತರ್ಟಿ-ಓ-ಸಿಕ್ಸ್ ರೈಫಲ್ ತೋಟೆಗೆ 60,000. ಅದೂ ನಿಮ್ಮ ಕೆನ್ನೆಯಿಂದ ಒಂದು ಗೇಣು ದೂರದಲ್ಲಿ.

ಅದಕ್ಕೇ ಅಲ್ಲಿ ಹೊಸಬರಿಗೆ ಹೇಳೋ ಮೊದಲ ಮಾತು ಪ್ರೆಸ್ ತಗೋ ಅಂತಲ್ಲ, ಪುಸ್ತಕ ತಗೋ ಅಂತ. ಗುಂಡು ಮತ್ತು ಮದ್ದಿನ ಕಂಪನಿಗಳು ಪರೀಕ್ಷೆ ಮಾಡಿ ಅಚ್ಚು ಹಾಕಿದ ಕೋಷ್ಟಕದಲ್ಲಿ ಇಂಥ ಗುಂಡಿಗೆ ಇಂಥದೇ ಮದ್ದು, ಇಷ್ಟರಿಂದ ಇಷ್ಟರವರೆಗೆ ಅಂತ ಇರುತ್ತೆ. ಕನಿಷ್ಠದಿಂದ ಶುರು ಮಾಡಬೇಕು, ಅಂದಾಜು ಅನ್ನೋ ಮಾತೇ ಇಲ್ಲ. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬ ಇರಬೇಕು, ಎರಡು ಇದ್ದರೆ ಕೈ ತಪ್ಪುತ್ತೆ. ಟಿವಿ ಇಲ್ಲ, ಫೋನ್ ಇಲ್ಲ, ಸಿಗರೇಟಂತೂ ಇಲ್ಲವೇ ಇಲ್ಲ. ಕೇಪಿನಲ್ಲಿ ಸೀಸದ ಅಂಶ ಇರೋದರಿಂದ ಕೈ ತೊಳೆಯದೆ ಊಟಕ್ಕೆ ಕೂರೋ ಹಾಗಿಲ್ಲ. ಮದ್ದು ತುಂಬಿದ ಕೇಸುಗಳನ್ನ ಹಲಗೆಯಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಕೂರಿಸೋ ಮುಂಚೆ ಟಾರ್ಚ್ ಹಿಡಿದು ಪ್ರತಿಯೊಂದರ ಒಳಗೂ ಇಣುಕಿ ನೋಡ್ತಾರೆ. ಒಂದಕ್ಕೆ ಎರಡು ಸಲ ಬಿದ್ದಿದ್ದರೆ ಕೋವಿ ಸೀಳುತ್ತೆ. ಒಂದಕ್ಕೆ ಬೀಳದೇ ಇದ್ದರೂ ಕಷ್ಟವೇ: ಬರೀ ಕೇಪಿನ ಬಲಕ್ಕೆ ಗುಂಡು ನಳಿಗೆಯ ಮಧ್ಯಕ್ಕೆ ಹೋಗಿ ಸಿಕ್ಕಿಕೊಳ್ಳುತ್ತೆ, ಗೊತ್ತಾಗದೆ ಇನ್ನೊಂದು ಹಾರಿಸಿದರೆ ನಳಿಗೆ ಒಡೆಯುತ್ತೆ. ಮನೆಯಲ್ಲಿ ಇಡೋ ಮದ್ದಿಗೂ ಅಲ್ಲಿನ ಅಗ್ನಿ ಸುರಕ್ಷತಾ ನಿಯಮ ಮಿತಿ ಹಾಕಿದೆ. ಮೂಲ ಡಬ್ಬದಲ್ಲೇ 20 ಪೌಂಡ್ ತನಕ, ಅಂದ್ರೆ ಸುಮಾರು 9 ಕೆಜಿ. ಅದಕ್ಕಿಂತ ಜಾಸ್ತಿ ಇದ್ದರೆ ಇಂಚು ದಪ್ಪದ ಮರದ ಪೆಟ್ಟಿಗೆ ಬೇಕು. ಹತ್ತು ನಿಮಿಷದ ವಿಡಿಯೋದಲ್ಲಿ ಇದೆಲ್ಲ ಕತ್ತರಿ ಬಿದ್ದಿರುತ್ತೆ.

ಇನ್ನು ನಮ್ಮ ಕಡೆಗೆ ಬರೋಣ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಇರೋದು ತೋಟೆ ಕೋವಿಯೂ ಅಲ್ಲ, ನಳಿಗೆಯ ಬಾಯಿಂದ ಮದ್ದು, ಚರೆ ಹಾಕಿ ಗಜದಲ್ಲಿ ಜಡಿಯೋ ಕೇಪಿನ ಕೋವಿ. ಇದು ಕಟ್ಟಿದ್ದು ಕರಿ ಮದ್ದಿಗೆ. ಕರಿ ಮದ್ದು ದಟ್ಟ ಹೊಗೆ ಬಿಟ್ಟು ಉರಿಯುತ್ತೆ, ಒತ್ತಡ ಕಮ್ಮಿ. ವಿಡಿಯೋದಲ್ಲಿ ಕಾಣೋದು ಹೊಗೆ ಇಲ್ಲದ ಮದ್ದು. ಅದು ಬೇರೆಯದೇ ವಸ್ತು, ಅದರ ಒತ್ತಡ ಎಷ್ಟೋ ಪಟ್ಟು. ಎರಡೂ ಕಪ್ಪಗೆ, ಕಾಳುಕಾಳಾಗಿ ಕಾಣಬಹುದು, ಕಣ್ಣಿಗೆ ವ್ಯತ್ಯಾಸ ಸಿಗೋಲ್ಲ. ತೋಟೆ ಬಿಚ್ಚಿ ತೆಗೆದ ಮದ್ದನ್ನ ಕೇಪಿನ ಕೋವಿಗೆ ಅದೇ ಅಳತೆಯಲ್ಲಿ ಹಾಕಿದರೆ ನಳಿಗೆ ಬಾಂಬಿನಂತೆ ಸಿಡಿಯುತ್ತೆ. ನಳಿಗೆ ಹಿಡಿದಿರೋದು ಎಡಗೈ. ಹೋಗೋದೂ ಅದೇ, ಕೆಲವೊಮ್ಮೆ ಕಣ್ಣೂ ಜೊತೆಗೆ. ಪಟಾಕಿ ಮದ್ದು ಇದಕ್ಕಿಂತಲೂ ಕೆಟ್ಟದ್ದು, ಅದು ಉರಿಯೋಕಲ್ಲ, ಸಿಡಿಯೋಕೇ ಮಾಡಿದ್ದು. ಈ ಲೇಖನದಲ್ಲಿ ಒಂದೇ ಪ್ಯಾರಾ ನೆನಪಿಟ್ಟುಕೊಳ್ತೀರಿ ಅಂದ್ರೆ ಇದನ್ನೇ ಇಟ್ಟುಕೊಳ್ಳಿ.

ಕಾನೂನಿನ ವಿಷಯ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಮದ್ದುಗುಂಡು ತಯಾರಿಸೋಕೆ ಪ್ರತ್ಯೇಕ ಲೈಸೆನ್ಸ್ ಬೇಕು. ಬೆಳೆ ರಕ್ಷಣೆಗೆ ಅಂತ ಕೊಟ್ಟಿರೋ ಕೋವಿ ಲೈಸೆನ್ಸ್ ಅದಕ್ಕೆ ಸಾಲದು. ಕಾಯ್ದೆಯ ವ್ಯಾಖ್ಯೆಯಲ್ಲಿ ತೋಟೆಯ ಬಿಡಿಭಾಗ, ಅದನ್ನ ತಯಾರಿಸೋ ಯಂತ್ರ ಕೂಡ ಮದ್ದುಗುಂಡಿನ ಲೆಕ್ಕಕ್ಕೇ ಸೇರುತ್ತೆ, ಹಾಗಾಗಿ ಪ್ರೆಸ್ಸು ಮಾತ್ರ ಆನ್‌ಲೈನಲ್ಲಿ ತರಿಸ್ತೀನಿ ಅನ್ನೋದೂ ಬೇಡ. ಶಿಕ್ಷೆ ಎಷ್ಟು ಗೊತ್ತಾ? 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ, ಜೀವಾವಧಿಯವರೆಗೂ ಹೋಗಬಹುದು. ಇಪ್ಪತ್ತೈದರ ಹುಡುಗ ಒಳಗೆ ಹೋದರೆ ತೋಟ ನೋಡೋರು ಯಾರು?

ಕೊಡಗಿನ ಓದುಗರು ನಮಗೆ ವಿನಾಯಿತಿ ಇದೆಯಲ್ಲ ಅನ್ನಬಹುದು. ಇದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರೋ ಆ ವಿನಾಯಿತಿಯನ್ನ ಕೇಂದ್ರ ಸರ್ಕಾರ 2029ರವರೆಗೆ ಮುಂದುವರಿಸಿದೆ, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿದಿದೆ. ಆದರೆ ಅದು ಕೋವಿ ಹೊಂದೋಕೆ, ಒಯ್ಯೋಕೆ. ಕೈಲ್‌ಪೊಳ್ದ್‌ಗೆ ಪೂಜೆ ಮಾಡೋ ಕೋವಿಗೆ ಮನೆಯಲ್ಲೇ ತೋಟೆ ತಯಾರಿಸೋಕಲ್ಲ.

ಅಜ್ಜನ ಕಾಲದಲ್ಲಿ ಹಿತ್ತಾಳೆ ತೋಟೆ ಮರುತುಂಬ್ತಿದ್ದರು ಅಂತ ಮನೆಯ ಹಿರಿಯರು ಹೇಳಿದರೆ ಸುಳ್ಳಲ್ಲ, ಕರಿ ಮದ್ದಿನ ಕಾಲದಲ್ಲಿ ಅದು ನಡೀತಿತ್ತು. ಅಟ್ಟದ ಮೇಲೆ ಅಂಥ ಹಳೇ ತೋಟೆ, ಪಾಚಿಗಟ್ಟಿದ್ದು, ಮಳೆಗಾಲದ ತೇವಕ್ಕೆ ಉಬ್ಬಿದ್ದು ಸಿಕ್ಕರೆ ಹಾರಿಸಿ ನೋಡೋಕೆ ಹೋಗಬೇಡಿ, ಬಿಚ್ಚಲೂಬೇಡಿ, ಒಲೆಗೂ ಹಾಕಬೇಡಿ. ಲೈಸೆನ್ಸ್ ಇರೋ ಕೋವಿ ಅಂಗಡಿಯವರಿಗೆ ಅಥವಾ ಪೊಲೀಸ್ ಠಾಣೆಗೆ ಮೊದಲು ಫೋನ್ ಮಾಡಿ ತಿಳಿಸಿ, ಅವರು ಹೇಳಿದಂತೆ ಒಪ್ಪಿಸಿ. ಅಂಗಡಿಯಿಂದ ತಂದ ತೋಟೆಯೇ ಕುದುರೆ ಎಳೆದಾಗ ಹಾರದಿದ್ದರೆ ತಕ್ಷಣ ತೆರೆಯಬೇಡಿ. ನಳಿಗೆ ಯಾರೂ ಇಲ್ಲದ ಕಡೆಗೇ ಇರಲಿ, ಅರ್ಧ ನಿಮಿಷವಾದರೂ ಕಾಯಿರಿ, ಕೇಪು ತಡವಾಗಿ ಹತ್ತೋದುಂಟು. 'ಟುಸ್' ಅಂತ ಸಣ್ಣ ಸದ್ದಷ್ಟೇ ಬಂದರೆ ಖಾಲಿ ಮಾಡಿ, ನಳಿಗೆಯೊಳಗೆ ಏನೂ ಸಿಕ್ಕಿಲ್ಲ ಅಂತ ಖಾತ್ರಿ ಆಗೋವರೆಗೂ ಮುಂದಿನದನ್ನ ಹಾಕಬೇಡಿ. ಆರು ತಿಂಗಳು ಗೋಡೆಗೆ ನೇತುಹಾಕಿದ್ದ ಕೋವಿಯ ನಳಿಗೆಯಲ್ಲಿ ಕಣಜದ ಹುಳ ಮಣ್ಣಿನ ಗೂಡು ಕಟ್ಟಿರುತ್ತೆ. ಖಾಲಿ ಇದೆಯಾ ಅಂತ ನೋಡಿಕೊಂಡು, ಹಿಂಭಾಗದಿಂದ ಬೆಳಕು ಬಿಟ್ಟು ಒಮ್ಮೆ ಪರೀಕ್ಷಿಸಿ, ಆಮೇಲೆ ಹೊರಗೆ ತೆಗೆಯಿರಿ.