ಹಡಗು ತುಂಬುವವರ ಮಾತಿನ ಕಸುಬು

ಉಣಕಲ್ ನಿಲ್ದಾಣವನ್ನು ಹಾಯ್ದು ಹೋಗುವ ರೈಲು ಹಳಿಯು ಧಾರವಾಡ, ಲೋಂಡಾ, ಕ್ಯಾಸಲ್‌ರಾಕ್‌ಗಳನ್ನು ದಾಟಿ, ಘಟ್ಟವಿಳಿದು, ಗೋವೆಯ ಮುರಗಾಂವ್ ಬಂದರನ್ನು ಮುಟ್ಟುತ್ತದೆ. ಬಳ್ಳಾರಿ ಸೀಮೆಯ ಅದಿರು ಹಡಗು ಹತ್ತಲು ಇದೇ ದಾರಿಯಲ್ಲಿ ಇಳಿದಿದೆ, ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೆ ಬೇಕಾದ ಕಲ್ಲಿದ್ದಲು ಇದೇ ದಾರಿಯಲ್ಲಿ ಏರಿ ಬಂದಿದೆ. ವ್ಯಾಗನ್ನುಗಳ ಸದ್ದು ಉಣಕಲ್ಲಿಗೆ ಹೊಸದಲ್ಲವಾದರೂ, ಹಳಿ ಮುಗಿದಲ್ಲಿ ಆರಂಭವಾಗುವ ಹಡಗು ತುಂಬುವ ಕೆಲಸವು ಯಂತ್ರಬಲದಷ್ಟೇ ಮಾತಿನ ಶಿಸ್ತನ್ನೂ ನೆಚ್ಚಿಕೊಂಡಿದೆ ಎಂಬುದು ಒಳನಾಡಿನವರಿಗೆ ಅಷ್ಟಾಗಿ ಪರಿಚಿತವಲ್ಲ.

ಕರ್ನಾಟಕದಲ್ಲಿ ಈ ಕಸುಬಿನ ದೊಡ್ಡ ನೆಲೆ 1975ರ ಜನವರಿಯಲ್ಲಿ ಉದ್ಘಾಟನೆಗೊಂಡ, ಪಣಂಬೂರಿನ ನವ ಮಂಗಳೂರು ಬಂದರು. ಅದರ ಮಗ್ಗುಲಲ್ಲೇ ಇರುವ ಕುದುರೆಮುಖ ಕಂಪನಿಯ ಕಾರ್ಖಾನೆಯಲ್ಲಿ, ಅದಿರಿನ ಪುಡಿಯನ್ನು ಉಂಡೆಕಟ್ಟಿ ಸುಟ್ಟು ಮಾಡಿದ ಪೆಲೆಟ್‌ಗಳು ಕನ್ವೇಯರ್ ಪಟ್ಟಿಯ ಮೇಲೆ ಸಾಗಿ, ಶಿಪ್ ಲೋಡರ್ ಎಂಬ ಚಾಚುತೋಳಿನ ಯಂತ್ರದಿಂದ ಹೋಲ್ಡ್‌ಗಳಿಗೆ, ಎಂದರೆ ಹಡಗಿನ ಸರಕಿನ ಅಂಕಣಗಳಿಗೆ, ಸುರಿಯುತ್ತವೆ. ಭಾರ ಒಂದೇ ಕಡೆ ಕೂತರೆ ಹಡಗಿನ ಬೆನ್ನು ಬಾಗುತ್ತದೆ. 1994ರ ನವೆಂಬರಿನಲ್ಲಿ ಬ್ರೆಜಿಲಿನ ಬಂದರೊಂದರಲ್ಲಿ ‘ಟ್ರೇಡ್ ಡೇರಿಂಗ್’ ಎಂಬ ಹಡಗು ಅದಿರು ತುಂಬಿಸಿಕೊಳ್ಳುತ್ತಿರುವಾಗಲೇ ನಡು ಮುರಿದುಕೊಂಡಿತು. ಅಂತರರಾಷ್ಟ್ರೀಯ ಕಡಲ ಸಂಸ್ಥೆಯು 1997ರಲ್ಲಿ ಅಂಗೀಕರಿಸಿದ ಸಂಹಿತೆಯ ಪ್ರಕಾರ, ಯಾವ ಹೋಲ್ಡಿಗೆ ಯಾವ ಸರದಿಯಲ್ಲಿ ಎಷ್ಟು ಟನ್, ಅದೇ ಹೊತ್ತಿಗೆ ಹಡಗಿನ ಸಮತೋಲಕ್ಕೆಂದು ತುಂಬಿದ್ದ ಬ್ಯಾಲಸ್ಟ್ ನೀರು ಎಷ್ಟು ಹೊರಗೆ ಎಂಬುದನ್ನು ಕಪ್ತಾನನೂ ಬಂದರಿನ ಪ್ರತಿನಿಧಿಯೂ ಮೊದಲೇ ಬರೆದು ಒಪ್ಪಿಕೊಳ್ಳಬೇಕು.

ಕಷ್ಟವಿರುವುದು ಆ ಬರಹ ಬಾಯಿಮಾತಾಗುವಲ್ಲಿ. ‘ಮುಂದಿನ ಹೋಲ್ಡ್’ ಎಂಬ ಸರಳ ಕನ್ನಡವೇ ಇಲ್ಲಿ ಅಪಾಯಕಾರಿ: ಅದು ಸರದಿಯಲ್ಲಿ ಮುಂದಿನದೂ ಆಗಬಹುದು, ಹಡಗಿನ ಮೂತಿಯ ಕಡೆಯದೂ ಆಗಬಹುದು, ಲೋಡರಿನ ಚಾಲಕನ ಕಣ್ಣೆದುರಿನದೂ ಆಗಬಹುದು. ಆದ್ದರಿಂದ ಹೋಲ್ಡುಗಳನ್ನು ಮೂತಿಯಿಂದ ಎಣಿಸಿ ಅಂಕಿಯಿಂದಲೇ ಕರೆಯುವುದು ರೂಢಿ. ವಾಕಿಟಾಕಿಯಲ್ಲಿ ‘ನಾಲ್ಕನೇ ಹೋಲ್ಡ್, ಎಂಟುನೂರು ಟನ್’ ಎಂದರೆ, ಕೇಳಿದವನು ಬರೇ ‘ಆಯ್ತು’ ಎನ್ನದೆ ‘ನಾಲ್ಕು, ಎಂಟುನೂರು’ ಎಂದು ಮರಳಿ ಹೇಳಬೇಕು. ಹಾಗೆ ಹಿಂದಿರುಗದ ಮಾತು ಆಡದ ಮಾತಿಗೆ ಸಮ. ರೈಲ್ವೆಯಲ್ಲಿ ಒಂದು ನಿಲ್ದಾಣ ಇನ್ನೊಂದಕ್ಕೆ ಕೊಡುವ ಭರವಸೆಗೆ ಪ್ರೈವೇಟ್ ನಂಬರ್ ಎಂಬ ಅಂಕಿಯನ್ನು ಮುದ್ರೆಯಾಗಿ ಒತ್ತುವ ಪದ್ಧತಿಯೂ ಇದೇ ಎಚ್ಚರದಿಂದ ಹುಟ್ಟಿದ್ದು. ಕ್ರೇನಿನ ಕೆಲಸದಲ್ಲಿ ಸದ್ದು ಮಾತನ್ನು ನುಂಗುವುದರಿಂದ ಸಿಗ್ನಲ್‌ಮ್ಯಾನನ ಕೈಸನ್ನೆಯೇ ಭಾಷೆ. ಆದರೂ ಇಳಿಸು ಎನ್ನಲು ಅಲ್ಲಿ ಕೂಗುವ ಮಾತೊಂದಿದೆ: ಆ ‘ಆರಿಯಾ’ ಪೋರ್ಚುಗೀಸರ ‘ಅರಿಯಾರ್’ ಕ್ರಿಯಾಪದದಿಂದ ಬಂದದ್ದು.

ಕೊನೆಯ ಸುರಿತದ ಘಳಿಗೆಯಂತೂ ಅತ್ಯಂತ ನಾಜೂಕಿನದು. ‘ನಿಲ್ಲಿಸಿ’ ಎಂದಾಗ ಸರಕು ನಿಲ್ಲುವುದಿಲ್ಲ, ಏಕೆಂದರೆ ದಾಸ್ತಾನಿನಿಂದ ಹಡಗಿನವರೆಗೆ ಹಬ್ಬಿದ ಪಟ್ಟಿಯ ಮೇಲೆ ಬಾಕಿ ಉಳಿದದ್ದನ್ನು ಖಾಲಿ ಮಾಡಲೇಬೇಕು. ಆ ಬಾಕಿ ಎಷ್ಟು ಟನ್ ಎಂದು ದಡದವರು ಮೊದಲೇ ತಿಳಿಸಿರುತ್ತಾರೆ, ಹಡಗಿನ ಅಧಿಕಾರಿ ಅಷ್ಟನ್ನು ಕಳೆದು ಮುಂಚಿತವಾಗಿ ಅಪ್ಪಣೆ ಕೊಡುತ್ತಾನೆ, ಪಟ್ಟಿ ಬರಿದಾದ ಮೇಲೆ ಇಬ್ಬರೂ ಕೂಡಿ ಹಡಗಿನ ಮೈಮೇಲಿನ ಅಂಕಿಗಳಲ್ಲಿ ನೀರು ಯಾವುದನ್ನು ಮುಟ್ಟಿದೆ ಎಂದು ಬಾಗಿ ಓದುತ್ತಾರೆ.